ನಿಂತು ನಿಂತು ಬರುವ ಅಕ್ಕ

ನನ್ನ ನಾದಿನಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ನನಗೆ ಹುಟ್ಟಿನಿಂದ ಬಾಯಿ ಮುಚ್ಚಲು ಬರುವುದಿಲ್ಲ. ದೇವರು ಇಬ್ಬರನ್ನೂ ಒಂದೇ ಸೂರಿನಡಿ ತಂದುಹಾಕಿ ಲೆಕ್ಕ ಸರಿಮಾಡಿದ ಅಂತ ನನ್ನ ಗಂಡ ನಗುತ್ತಾರೆ. ಅವರಿಗೇನು, ಲಾರಿ ಹತ್ತಿ ಹೊರಟರೆ ತಿಂಗಳಲ್ಲಿ ಅರ್ಧ ಭಾಗ ದಾರಿಯಲ್ಲೇ ಕಳೆಯುತ್ತದೆ. ಮನೆಯಲ್ಲಿ ಉಳಿಯುವವರು ನಾವಿಬ್ಬರು. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ನಾನು, ಒಳಗಿನ ಕೋಣೆಯಲ್ಲಿ ಟಿವಿಯ ಮುಂದೆ ಅವಳು.

ಅವಳ ಕೆಲಸ ಗಾಜಿನ ಬಾಟಲಿ ಕಾರ್ಖಾನೆಯಲ್ಲಿ. ಬಿಳಿ ದೀಪ ಉರಿಯುವ ಒಂದು ಹಲಗೆಯ ಮುಂದೆ ಕೂತಿರಬೇಕು. ಬೆಲ್ಟಿನ ಮೇಲೆ ಖಾಲಿ ಬಾಟಲಿಗಳು ಸಾಲಾಗಿ ಹೋಗುತ್ತಲೇ ಇರುತ್ತವೆ. ಯಾವುದರಲ್ಲಾದರೂ ಕೂದಲೆಳೆಯಷ್ಟು ಬಿರುಕು ಕಂಡರೆ ಕೈಹಾಕಿ ಎತ್ತಿ ತೊಟ್ಟಿಗೆ ಹಾಕಬೇಕು. ಎತ್ತುವಷ್ಟರಲ್ಲಿ ಮುಂದಿನದು ಬಂದಿರುತ್ತದೆ. ಜೊತೆಯವರು ಅವಳಿಗೆ ಇಟ್ಟ ಹೆಸರು ಸೂಜಿಗಣ್ಣಿ. ಅಲ್ಲಿಯ ಸದ್ದು ಎಂಥದ್ದೆಂದರೆ ಎಲ್ಲರೂ ಕಿವಿಗೆ ಹತ್ತಿ ತುರುಕಿಕೊಂಡೇ ಕೆಲಸ ಮಾಡುತ್ತಾರೆ. "ಅಲ್ಲಿ ಎಲ್ಲಾರೂ ಕಿವುಡರೇ, ನಂಗೆ ಮಾತ್ರ ಅಭ್ಯಾಸ ಜಾಸ್ತಿ" ಅಂತ ಅವಳೇ ತಮಾಷೆ ಮಾಡುತ್ತಾಳೆ. ಇಂಥ ಕಣ್ಣಿರುವವಳ ಜೊತೆ ಬಾಳುವುದು ಸುಲಭವಲ್ಲ. ನಾನು ಹೊಲಿದ ರವಿಕೆಯಲ್ಲಿ ಒಂದು ಹೊಲಿಗೆ ತಪ್ಪಿದ್ದರೆ, ಗಿರಾಕಿಗಿಂತ ಮುಂಚೆ ಅವಳ ಬೆರಳು ಅಲ್ಲಿರುತ್ತದೆ.

ಅವಳು ನನ್ನ ತುಟಿ ನೋಡಿ ಮಾತು ತಿಳಿಯುತ್ತಾಳೆ. ಉತ್ತರವನ್ನು ಶಾಲೆಯಲ್ಲಿ ಕಲಿಸಿದ ಕೈಭಾಷೆಯಲ್ಲಿ ಹೇಳುತ್ತಾಳೆ. ಅದನ್ನು ನಾನೂ ತಕ್ಕಮಟ್ಟಿಗೆ ಕಲಿತಿದ್ದೇನೆ. ಆದರೆ ಅವಳಿಗೆ ಇನ್ನೊಂದು ಭಾಷೆ ಇತ್ತು. ಅದು ಅವಳಿಗೂ ಅವಳ ಅಕ್ಕನಿಗೂ ಮಾತ್ರ ಗೊತ್ತಿದ್ದದ್ದು. ಅಕ್ಕನಿಗೂ ಕಿವಿ ಕೇಳಿಸುತ್ತಿರಲಿಲ್ಲ. ಶಾಲೆಯ ಮುಖ ನೋಡುವ ಮೊದಲೇ, ಒಂದೇ ಹಾಸಿಗೆಯಲ್ಲಿ ಮಲಗುತ್ತಿದ್ದ ಆ ಇಬ್ಬರು ಹುಡುಗಿಯರು ತಮಗೆ ತಾವೇ ಕಟ್ಟಿಕೊಂಡ ಕೈಮಾತು ಅದು. ಕಿರುಬೆರಳು ನೆಟ್ಟಗಿದ್ದರೆ ಒಂದು ಅರ್ಥ, ತುದಿ ಬಾಗಿದರೆ ಇನ್ನೊಂದು. ಹೆಬ್ಬೆರಳು ಉಗುರಿಗೆ ತಾಗಿದರೆ ನಗು, ಗೆಣ್ಣಿಗೆ ತಾಗಿದರೆ ಸಿಟ್ಟು. ಇಬ್ಬರೂ ಒಪ್ಪದೆ ಮೂರನೆಯವರಿಗೆ ಅದನ್ನು ಕಲಿಸುವಂತಿಲ್ಲ ಅಂತ ಚಿಕ್ಕಂದಿನಲ್ಲೇ ಕಟ್ಟುಪಾಡು ಮಾಡಿಕೊಂಡಿದ್ದರು. ಇಬ್ಬರ ನಡುವೆ ಹುಟ್ಟಿದವರು, ಅಂದರೆ ನನ್ನ ಗಂಡ, ಕಲಿಯಲು ಹೋಗಿ ಒದೆ ತಿಂದು ಬಂದಿದ್ದರಂತೆ. ಮದುವೆಯಾದ ಹೊಸದರಲ್ಲಿ ನಾನೂ ಕೇಳಿದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು, ಅಷ್ಟೇ. ನನಗೆ ಮೈಯೆಲ್ಲ ಉರಿಯಿತು. ಮನೆಯಲ್ಲಿ ನನಗೆ ತಿಳಿಯದ ಮಾತು ನಡೆಯುವುದೆಂದರೆ ನನ್ನಂಥವಳಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇದೆಯೇ?

ಅಕ್ಕ ಮದುವೆಯಾಗಿ ಬೇರೆ ಊರಿಗೆ ಹೋದಳು. ಬಸ್ಸಿನಲ್ಲಿ ಅರ್ಧ ದಿನದ ದಾರಿ. ಗಂಡ ಬಸ್ ಕಂಡಕ್ಟರು, ಕಿವಿ ಚೆನ್ನಾಗಿಯೇ ಕೇಳುವ ಮನುಷ್ಯ. ಮನೆಯವರೆಲ್ಲ ಭಾವ ಅನ್ನುವುದರಿಂದ ನನಗೂ ಅವರು ಭಾವನೇ. ದಿನವಿಡೀ ಬಸ್ಸಿನಲ್ಲಿ ಕೂಗಿ ಕೂಗಿ ಮನೆಗೆ ಬಂದರೆ ತುಟಿ ಪಿಟಕ್ ಅನ್ನುತ್ತಿರಲಿಲ್ಲ. ಕಿವಿ ಕೇಳದ ಹೆಂಡತಿ ಸಿಕ್ಕಿದ್ದು ಈ ಮಹಾರಾಯನಿಗೆ ವರವಾಯಿತು ಅಂತ ನಾನು ಎಷ್ಟೋ ಸಲ ಆಡಿಕೊಂಡಿದ್ದೇನೆ. ಊಟ, ನೀರು, ನಿದ್ದೆ, ಬರ್ತೀನಿ, ಇಷ್ಟರ ಕೈಸನ್ನೆಯಲ್ಲಿ ಅವರ ಸಂಸಾರ ಸಾಗಿತ್ತು. ಮಕ್ಕಳಿರಲಿಲ್ಲ.

ಅಕ್ಕ ಫೋಟೋ ಸ್ಟುಡಿಯೋದಲ್ಲಿ ಕೆಲಸ ಮಾಡುತ್ತಿದ್ದಳು. ಕಂಪ್ಯೂಟರಿನ ಮುಂದೆ ಕೂತು ಮದುವೆಯ ವಿಡಿಯೋಗಳನ್ನು ಕತ್ತರಿಸಿ ಜೋಡಿಸುವ ಕೆಲಸ. ತಂಗಿಯ ಜೊತೆ ಫೋನಿನಲ್ಲಿ ನೇರವಾಗಿ ಮಾತಾಡಲು ನೋಡಿದರು. ಚಿತ್ರ ಚೂರುಚೂರಾಗಿ ಬರುತ್ತಿತ್ತು. ಕಿವಿ ಇರುವ ನಾವು ಅರ್ಧ ಮಾತು ನುಂಗಿಹೋದರೂ ಉಳಿದದ್ದನ್ನು ಊಹಿಸಿಕೊಳ್ಳುತ್ತೇವೆ, ಅವರಿಗೆ ಒಂದು ಬೆರಳು ಕಾಣದಿದ್ದರೆ ಮಾತೇ ಹೋಯಿತು. ಅದಕ್ಕೆ ಅಕ್ಕ ಒಂದು ಉಪಾಯ ಮಾಡಿದಳು. ವಾರಕ್ಕೊಮ್ಮೆ ಒಳ್ಳೆಯ ಕ್ಯಾಮರಾ ಇಟ್ಟು, ದೀಪ ಹಾಕಿ, ಅದರ ಮುಂದೆ ನಿಂತು ತಂಗಿಗೆ ಹೇಳಬೇಕಾದದ್ದನ್ನೆಲ್ಲ ಕೈಯಲ್ಲಿ ಹೇಳಿ ತನ್ನ ಮನೆಯ ಕಂಪ್ಯೂಟರಿನಲ್ಲಿ ಇಡುತ್ತಿದ್ದಳು. ನಮ್ಮ ಟಿವಿಗೆ ಒಂದು ಪುಟ್ಟ ಕಪ್ಪು ಡಬ್ಬಿ ತಂದು ಸಿಕ್ಕಿಸಿಕೊಟ್ಟಳು. ಅದನ್ನು ಹಾಕಿದರೆ ಅಕ್ಕನ ಮನೆಯ ಕಂಪ್ಯೂಟರಿನಿಂದ ವಿಡಿಯೋ ಇಂಟರ್ನೆಟ್ಟಿನಲ್ಲಿ ಹರಿದು ನಮ್ಮ ಟಿವಿಗೆ ಬರುತ್ತಿತ್ತು. ತಂಗಿಯೂ ಹಾಗೆಯೇ ಉತ್ತರ ಹಿಡಿದು ಕಳಿಸುತ್ತಿದ್ದಳು. ವರ್ಷಗಟ್ಟಲೆ ಹೀಗೇ ನಡೆಯಿತು. ಸಂಜೆ ಕೆಲಸದಿಂದ ಬಂದು, ಕೈಕಾಲು ತೊಳೆದು, ಟಿವಿಯ ಮುಂದೆ ಕೂತರೆ ಅವಳ ಮುಖವೇ ಬೇರೆ. ಪರದೆ ನೋಡುತ್ತಾ ಒಬ್ಬಳೇ ನಗುವಳು, ತಲೆ ಚಚ್ಚಿಕೊಳ್ಳುವಳು, ಮೂಗು ಮುರಿಯುವಳು. ಟಿವಿಯ ಧ್ವನಿ ಯಾವಾಗಲೂ ಸೊನ್ನೆಯಲ್ಲೇ ಇರುತ್ತಿತ್ತು.

ಕಳೆದ ವರ್ಷ ಒಂದು ದಿನ ಅಕ್ಕ ಸ್ಟುಡಿಯೋದಲ್ಲಿ ಕುರ್ಚಿಯಲ್ಲಿ ಕೂತ ಹಾಗೇ ಹೋಗಿಬಿಟ್ಟಳು. ಎದೆ ನೋವಂತೆ. ಯಾರಿಗೂ ಕೈಸನ್ನೆ ಮಾಡಲೂ ಪುರುಸೊತ್ತು ಸಿಗಲಿಲ್ಲ.

ಅವಳ ಜೊತೆ ಆ ಭಾಷೆಯೂ ಹೋಯಿತು. ನಾದಿನಿಗೆ ಬರುತ್ತದೆ, ಆದರೆ ಒಬ್ಬಳಿಗೇ ಬರುವುದು ಭಾಷೆ ಹೇಗಾದೀತು? ಕೆಲವು ಸಲ ಅವಳು ಕಿಟಕಿಯ ಹತ್ತಿರ ಕೂತಿರುವಾಗ ಮಡಿಲಲ್ಲಿ ಬೆರಳುಗಳು ತಾವಾಗಿಯೇ ಏನೋ ಹೇಳುತ್ತಿರುತ್ತವೆ. ನಾನು ನೋಡಿದ್ದು ಗೊತ್ತಾದರೆ ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಾಳೆ. ಅಂಥ ಹೊತ್ತಿನಲ್ಲಿ ನನ್ನ ಬಾಯಿ ನನಗೇ ಬೇಡವಾಗುತ್ತದೆ.

ಅಕ್ಕ ಹೋದ ಮೇಲೆ ಗೊತ್ತಾಯಿತು, ಆ ವಾರದ ವಿಡಿಯೋ ಆಗಲೇ ಹಿಡಿದಿಟ್ಟಿದ್ದಳು. ನಾದಿನಿ ಅದನ್ನಿನ್ನೂ ನೋಡಿರಲಿಲ್ಲ. ಹಲವು ತಿಂಗಳು ಅದನ್ನು ಮುಟ್ಟುವ ಧೈರ್ಯವೇ ಬರಲಿಲ್ಲ. ಹಳೆಯದನ್ನೂ ನೋಡಲಿಲ್ಲ. ಕೊನೆಗೊಂದು ಸಂಜೆ ಮನಸ್ಸು ಗಟ್ಟಿ ಮಾಡಿ ಹಾಕಿದಳು. ಅಕ್ಕ ಬಂದಳು. ನೀಲಿ ಸೀರೆ, ಹಿಂದೆ ಅದೇ ಪುಸ್ತಕದ ಕಪಾಟು. ಏನೇನೋ ಹೇಳಿದಳು. ಅರ್ಧ ದಾಟಿದ ಮೇಲೆ ಕೈ ಎತ್ತಿ, ತಡೆದು, ಕ್ಯಾಮರಾಕ್ಕೆ ಹತ್ತಿರ ಬಂದಳು. ಅಷ್ಟರಲ್ಲಿ ಚಿತ್ರ ನಿಂತಿತು. ಮಧ್ಯದಲ್ಲಿ ಒಂದು ಬಿಳಿ ಚಕ್ರ ಗಿರಗಿರ ತಿರುಗತೊಡಗಿತು.

"ಏನಂದ್ಳು?" ಅಂತ ಕೇಳಿದೆ.

"ನಿನ್ನನ್ನ ಒಂದು ವಿಷಯ ಕೇಳಬೇಕು ಅಂದ್ಳು" ಅಂತ ನಾದಿನಿ ಕೈಯಲ್ಲಿ ಹೇಳಿದಳು. "ಅಷ್ಟೇ ಅಂದಿದ್ದು."

ಅಕ್ಕ ತಂಗಿಯನ್ನು ಏನೋ ಕೇಳಬೇಕೆಂದಿದ್ದಳು. ಏನು ಅಂತ ತಿಳಿಯದೆ ಈ ತಂಗಿಗೆ ಇನ್ನು ನಿದ್ದೆಯಿಲ್ಲ. ಮರುದಿನ ಹಾಕಿದಳು, ಮತ್ತೆ ನಿಂತಿತು. ನಿಂತದ್ದು ಒಂದು ಬೆರಳಿನಷ್ಟು ಮುಂದೆ ಹೋಗಿ ಮತ್ತೆ ನಿಂತಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಹಾಗೆ. ಒಂದು ಸಂಜೆ ರಿಮೋಟನ್ನು ಹಾಸಿಗೆಯ ಮೇಲೆ ಬೀಸಿ ಎಸೆದು ಅಡುಗೆಮನೆಗೆ ಹೋಗಿ ಪಾತ್ರೆ ಉಜ್ಜತೊಡಗಿದಳು. ತೊಳೆದಿಟ್ಟ ಪಾತ್ರೆಗಳನ್ನೇ ಉಜ್ಜುತ್ತಿದ್ದಳು.

ನಾನು ಸೆರಗು ಬಿಗಿದು ನಿಂತೆ. ಇಂಟರ್ನೆಟ್ ಪೆಟ್ಟಿಗೆಯನ್ನು ಆರಿಸಿ ಹಾಕಿದೆ. ಗೋಡೆ ಅಡ್ಡ ಬರುತ್ತಿದೆಯೇನೋ ಅಂತ ಅದನ್ನು ಮುಂದಿನ ಕೋಣೆಯಿಂದ ತಂದು ಟಿವಿಯ ನೆತ್ತಿಯ ಮೇಲೇ ಕೂರಿಸಿದೆ. ಗಾಳಿಯಲ್ಲಿ ಬರುವುದು ಬೇಡ, ತಂತಿಯಲ್ಲೇ ಬರಲಿ ಅಂತ ಅಂಗಡಿಯಿಂದ ಕೇಬಲ್ ತಂದು ಡಬ್ಬಿಗೆ ಚುಚ್ಚಿದೆ. ವಿಡಿಯೋ ನಿಲ್ಲಿಸಿ ಇಟ್ಟರೆ ಅಷ್ಟರಲ್ಲಿ ಡಬ್ಬಿಯಲ್ಲಿ ತುಂಬಿಕೊಳ್ಳಬಹುದು ಅಂತ ಒಂದು ಲಂಗ ಹೊಲಿದು ಮುಗಿಸುವವರೆಗೆ ಕಾದು ನೋಡಿದೆ. ಆ ಪುಟ್ಟ ಡಬ್ಬಿಯ ಹೊಟ್ಟೆ ತುಂಬಾ ಸಣ್ಣದು, ಎರಡು ಗುಟುಕಿಗಿಂತ ಹೆಚ್ಚು ಹಿಡಿಯುತ್ತಿರಲಿಲ್ಲ. ಕೊನೆಗೆ ಸೆಟ್ಟಿಂಗಿಗೆ ಹೋಗಿ ಚಿತ್ರದ ಗುಣಮಟ್ಟ ಇಳಿಸಿದೆ. ಚಕ್ರ ಮಾಯ! ನಾನು ಗೆದ್ದೆ ಅಂತ ಬೀಗುತ್ತಾ ಅವಳನ್ನು ಎಳೆದು ತಂದು ಕೂರಿಸಿದೆ.

ಅವಳು ನೋಡಿದಳು. ಮುಖ ಕಪ್ಪಿಟ್ಟಿತು. ಅಕ್ಕ ನಿಲ್ಲದೆ ಬರುತ್ತಿದ್ದಳು, ಆದರೆ ಬೆರಳುಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಮಸಿಬಟ್ಟೆಯ ಹಾಗೆ ಆಡುತ್ತಿದ್ದವು.

"ತೊದಲ್ತಿದಾಳೆ" ಅಂದಳು ನಾದಿನಿ. "ನಮ್ಮಕ್ಕ ಯಾವತ್ತೂ ತೊದಲಿದವಳಲ್ಲ. ತೆಗೀರಿ ಅತ್ತಿಗೆ."

ಗುಣಮಟ್ಟವನ್ನು ಮತ್ತೆ ಏರಿಸಿದೆ. ಚಕ್ರ ಮತ್ತೆ ಬಂದು ಕೂತಿತು.

ಭಾವನಿಗೆ ಫೋನ್ ಮಾಡಿದೆ. "ಆ ವಿಡಿಯೋಗಳನ್ನ ಪೆನ್‌ಡ್ರೈವಿಗೆ ಹಾಕಿಸಿ ಕಳಿಸಿಬಿಡಿ ಭಾವ, ಇಲ್ಲಿ ನಿಂತು ನಿಂತು ಬರ್ತಿದೆ." "ಕಳಿಸ್ತೀನಮ್ಮ" ಅಂದರು. ಕಳಿಸಲಿಲ್ಲ. ಮತ್ತೆ ಕೇಳಿದರೆ, "ಯಾರ್ಯಾರನ್ನೋ ಕರೆದು ಅದನ್ನ ಮುಟ್ಟಿಸೋಕೆ ಭಯ. ಅಳಿಸಿಗಿಳಿಸಿ ಹೋದ್ರೆ?" ಅಂದರು. ನಾದಿನಿಗೂ ಪೆನ್‌ಡ್ರೈವಿನ ಮಾತು ಹಿಡಿಸಿರಲಿಲ್ಲ. ಪೆನ್‌ಡ್ರೈವಿನಲ್ಲಿ ಬಂದರೆ ಅದು ಸಾಮಾನಿನ ಹಾಗೆ ಪೆಟ್ಟಿಗೆಯಲ್ಲಿ ಬಿದ್ದಿರುತ್ತದೆ, ಹೀಗಾದರೆ ಅಕ್ಕ ತನ್ನ ಮನೆಯಿಂದ ಹೊರಟು ಬರುತ್ತಾಳೆ ಅನ್ನುವುದು ಅವಳ ವಾದ.

ಇಂಟರ್ನೆಟ್ಟಿನ ಲೈನ್ ನೋಡುವವನನ್ನು ಕರೆಸಿದೆ. ಬಂದದ್ದು ನಡುಹಗಲು, ನಾದಿನಿ ಕಾರ್ಖಾನೆಯಲ್ಲಿದ್ದಳು. ಬೆಲ್ಟಿಗೆ ಇಕ್ಕಳ ಸಿಕ್ಕಿಸಿಕೊಂಡ ದಪ್ಪ ಮನುಷ್ಯ. ಏದುಸಿರು ಬಿಡುತ್ತಾ ಕೂತು ಲ್ಯಾಪ್‌ಟಾಪ್ ಬಿಚ್ಚಿದ. "ನಿಮ್ಮ ಕಡೆ ಏನೂ ತೊಂದರೆ ಇಲ್ಲ ಮೇಡಂ. ಎಲ್ಲಿ, ಆ ವಿಡಿಯೋ ಹಾಕಿ" ಅಂದ. ಹಾಕಿದೆ. ಅಕ್ಕ ಬಂದಳು. ನೀಲಿ ಸೀರೆ, ಕಪಾಟು, ಕೈ ಎತ್ತಿದಳು, ಹತ್ತಿರ ಬಂದಳು. ನಿಲ್ಲಲೇ ಇಲ್ಲ! ಬೆರಳು ಬೆರಳೂ ಬಿಡಿಬಿಡಿಯಾಗಿ ಕಾಣುವಂತೆ ಕೊನೆಯವರೆಗೂ ಹೇಳಿ ಮುಗಿಸಿ, ಕ್ಯಾಮರಾ ಆರಿಸಲು ಕೈ ಚಾಚಿದಳು. ಮುಗಿದೇಹೋಯಿತು.

"ಎಲ್ಲಿ ನಿಲ್ಲುತ್ತೆ ಮೇಡಂ? ನೀರು ಹರಿದ ಹಾಗೆ ಬಂತಲ್ಲ!" ಅಂದ ಅವನು.

ಅಕ್ಕ ಕೇಳಬೇಕಾದದ್ದನ್ನೆಲ್ಲ ನನ್ನ ಕಣ್ಣೆದುರೇ ಕೇಳಿದ್ದಳು. ನನಗೆ ಒಂದಕ್ಷರ ತಿಳಿದಿರಲಿಲ್ಲ. ಬೇಗ ಬೇಗ ಮತ್ತೆ ಹಾಕಿ ಫೋನಿನಲ್ಲಿ ಟಿವಿಯ ಪರದೆಯನ್ನೇ ಹಿಡಿದೆ. ಹಿಡಿದದ್ದರ ತುಂಬ ಪಟ್ಟೆ ಪಟ್ಟೆ, ಬೆರಳು ಯಾವುದು ಗೆರೆ ಯಾವುದು ಗೊತ್ತಾಗದು.

ಲೈನಿನವನು ನಿಧಾನಕ್ಕೆ ಬಿಡಿಸಿ ಹೇಳಿದ. "ಸಾಯಂಕಾಲ ಮಾತ್ರ ನಿಲ್ಲುತ್ತೆ ಅಂತೀರಿ. ಅಂದ್ರೆ ತೊಂದರೆ ಆ ಮನೇಲಿದೆ. ಅಲ್ಲಿರೋ ಕಂಪ್ಯೂಟರ್ ಈ ವಿಡಿಯೋನ ನಿಮ್ಮ ಡಬ್ಬಿಗೆ ಒಗ್ಗೋ ಹಾಗೆ ಅಲ್ಲೇ ರುಬ್ಬಿ ರುಬ್ಬಿ ಕಳಿಸುತ್ತೆ. ಹಳೇ ಕಂಪ್ಯೂಟರ್. ಒಬ್ಬರಿಗೆ ರುಬ್ಬೋದೇ ಹೆಚ್ಚು. ಅದೇ ಹೊತ್ತಿಗೆ ಇನ್ನೊಬ್ರು ಯಾರಾದ್ರೂ ಅದರಿಂದ ವಿಡಿಯೋ ನೋಡ್ತಾ ಇದ್ರೆ, ಅದರಲ್ಲೂ ಹಿಂದೆ ಮುಂದೆ ಎಳೀತಾ ಇದ್ರೆ, ಅದಕ್ಕೆ ಉಸಿರು ಕಟ್ಟುತ್ತೆ. ಸಾಯಂಕಾಲ ಆ ಮನೇಲಿ ಯಾರೋ ಟಿವಿ ನೋಡ್ತಾರೆ, ವಿಚಾರಿಸಿ."

ಆ ಮನೆಯಲ್ಲಿ ಯಾರೋ? ಆ ಮನೆಯಲ್ಲಿ ಇರುವವರು ಭಾವ ಒಬ್ಬರೇ. ಬೆಳಗಿನ ಪಾಳಿ ಮುಗಿಸಿ ಸಂಜೆ ಮನೆಗೆ ಬರುವವರು. ವಾರದ ರಜೆಯೂ ಅವರಿಗೂ ನಾದಿನಿಗೂ ಒಂದೇ ದಿನ. ಆ ದಿನವೂ ವಿಡಿಯೋ ಬೆಳಗಿನಿಂದಲೇ ನಿಂತು ನಿಂತು ಬರುತ್ತಿದ್ದದ್ದು ಆಗ ನೆನಪಾಯಿತು.

ನಾದಿನಿ ಬಂದ ಕೂಡಲೇ ಎಲ್ಲ ಹೇಳಿದೆ. "ಒಂದು ದಿನ ರಜೆ ಹಾಕಿ ಹಗಲಲ್ಲಿ ನೋಡಿಬಿಡು, ತೀರಿಹೋಯ್ತು" ಅಂದೆ. ಅವಳ ಕಣ್ಣು ಅರಳಿತು. ರಜೆಗೆ ಹೇಳಿಯೂ ಬಂದಳು. ಅಲ್ಲಿಗೇ ಬಿಟ್ಟಿದ್ದರೆ ನಾನು ನಾನಾಗಿರುತ್ತಿರಲಿಲ್ಲ. ಸಂಜೆ ಆ ಮನೆಯಲ್ಲಿ ಟಿವಿ ನೋಡುವವರು ಯಾರು ಅಂತ ತಲೆಯಲ್ಲಿ ಹುಳ ಕೊರೆಯುತ್ತಿತ್ತು. ರಜೆಯ ಹಿಂದಿನ ಸಂಜೆ ಭಾವನಿಗೆ ಫೋನ್ ಹಚ್ಚಿದೆ.

"ಊಟ ಆಯ್ತಾ ಭಾವ?"

"ಇನ್ನೂ ಇಲ್ಲಮ್ಮ."

"ಸಾಯಂಕಾಲ ಟಿವಿ ಏನಾದ್ರೂ ನೋಡ್ತೀರಾ?"

"ಟಿವಿನಾ?" ಅಂತ ತಡವರಿಸಿದರು. ಆಮೇಲೆ, "ಇಲ್ಲಪ್ಪ. ನಾನೇನು ನೋಡ್ಲಿ. ಟಿವಿನೇ ಹಾಕಲ್ಲ" ಅಂದರು.

ಆ ಮಾತಿನ ಹಿಂದೆಯೇ ನನಗೆ ಕೇಳಿಸಿತು, ಬಳೆಯ ಸದ್ದು. ಅನುಮಾನವೇ ಇಲ್ಲ, ಗಾಜಿನ ಬಳೆ. ತುಂಬಾ ಹತ್ತಿರದಲ್ಲೇ, ಅದೇ ಕೋಣೆಯಲ್ಲೇ ಹೆಂಗಸೊಬ್ಬಳು ಕೈ ಆಡಿಸುತ್ತಿದ್ದಳು. ಮಧ್ಯೆ ಅವಳು ಗಂಟಲಲ್ಲೇ ನಕ್ಕ ಹಾಗೆ ಒಂದು ಸದ್ದು.

ನನ್ನ ನೆತ್ತಿಗೆ ರಕ್ತ ಏರಿತು. ಒಂದು ವರ್ಷ ತುಂಬಿಲ್ಲ, ಅಷ್ಟರಲ್ಲೇ! ಅದಕ್ಕೇ ಪೆನ್‌ಡ್ರೈವ್ ಕಳಿಸಲಿಲ್ಲ, ಅದಕ್ಕೇ ಫೋನ್ ಮಾಡಿದಾಗಲೆಲ್ಲ ಹೂಂ ಉಹೂಂ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಟಿವಿ ಅನ್ನುತ್ತಲೇ ತಡವರಿಸಿದರಲ್ಲ. ನಾನು ಫೋನ್ ಇಟ್ಟು, ನಾದಿನಿಯ ಮುಂದೆ ನಿಂತು, ತುಟಿ ನೋಡಲು ಅನುಕೂಲವಾಗುವಂತೆ ಒಂದೊಂದು ಮಾತನ್ನೂ ಬಿಡಿಸಿ ಬಿಡಿಸಿ ಉಗಿದೆ.

ಅವಳಿಗೆ ಸಿಟ್ಟು ಬರಲಿಲ್ಲ. "ಒಬ್ಬರೇ ಇದ್ರು ಪಾಪ, ಇರಲಿ ಬಿಡಿ" ಅಂದಳು. ಆಮೇಲೆ ಕೈಗಳು ಗಾಳಿಯಲ್ಲೇ ತಡೆದವು. "ಬಂದವಳು ಅಕ್ಕನ ಕಂಪ್ಯೂಟರ್ ಹಳೇದು ಅಂತ ಎಸೆದುಬಿಟ್ರೆ?"

ಆ ಭಯ ನನಗೆ ಹೊಳೆದೇ ಇರಲಿಲ್ಲ. ಅಕ್ಕನ ಮಾತೆಲ್ಲ ಇರುವುದು ಅದೊಂದರಲ್ಲೇ. ಮರುದಿನ ಹಗಲಲ್ಲಿ ಕೂತು ವಿಡಿಯೋ ನೋಡಬೇಕಾಗಿದ್ದವಳು ಬೆಳಗ್ಗೆ ಎದ್ದು ಸೀರೆ ಉಟ್ಟು ಹೊರಟು ನಿಂತಿದ್ದಳು. ಕಂಪ್ಯೂಟರನ್ನೇ ಎತ್ತಿಕೊಂಡು ಬರುವುದು ಅಂತ ತೀರ್ಮಾನ. ನಾನು ದೊಡ್ಡ ಚೀಲ ಒಂದನ್ನು ಹಿಡಿದೆ, ಒಳಗೆ ಹಳೇ ಹೊದಿಕೆ, ಕಟ್ಟಲು ಹಗ್ಗ. ಭಾವನಿಗೆ ತಿಳಿಸಲಿಲ್ಲ. ದಾರಿಯುದ್ದಕ್ಕೂ ಹೊಸಬಳಿಗೆ ಏನೇನು ಅನ್ನಬೇಕು ಅಂತ ಮನಸ್ಸಿನಲ್ಲೇ ಹದ ಮಾಡಿಕೊಳ್ಳುತ್ತಿದ್ದೆ. ಒಳ್ಳೊಳ್ಳೆಯ ಮಾತುಗಳೇ ಸಿಕ್ಕಿದ್ದವು. ಪಕ್ಕದಲ್ಲಿ ನಾದಿನಿ ಕಿಟಕಿಯ ಸರಳು ಹಿಡಿದು ಕೂತಿದ್ದಳು. "ನಾವು ಹೋಗೋದರೊಳಗೆ ಎಸೆದಿರಲ್ಲ ತಾನೇ?" ಅಂತ ಎರಡು ಸಲ ಕೇಳಿದಳು.

ತಲುಪುವಾಗ ಸಂಜೆ. ಅವರ ಮನೆ ಮೂರನೇ ಮಹಡಿ, ಉದ್ದನೆ ಮೊಗಸಾಲೆಯ ಕೊನೆಗೆ. ಬಾಗಿಲು ಸೆಕೆಗೆ ತೆರೆದೇ ಇತ್ತು. ಚಪ್ಪಲಿ ಬಿಡುವಾಗಲೇ ಬಳೆಯ ಸದ್ದು ಕೇಳಿಸಿತು. ನಾನು ಚೀಲ ಕಂಕುಳಲ್ಲಿ ಒತ್ತಿಕೊಂಡು ಒಳಗೆ ನುಗ್ಗಿದೆ.

ಕೋಣೆಯಲ್ಲಿ ಯಾವ ಹೆಂಗಸೂ ಇರಲಿಲ್ಲ. ಭಾವ ನಮಗೆ ಬೆನ್ನು ಹಾಕಿ ನಿಂತಿದ್ದರು, ಇನ್ನೂ ಯೂನಿಫಾರ್ಮಿನಲ್ಲೇ. ಎದುರು ಟಿವಿಯಲ್ಲಿ ಅಕ್ಕ ಮಾತಾಡುತ್ತಿದ್ದಳು. ಬಳೆಗಳು ಅವಳವು. ಕೈ ಆಡಿದಾಗಲೆಲ್ಲ ಸದ್ದು ಮಾಡುತ್ತಿದ್ದವು. ಅವಳಿಗೇ ಗೊತ್ತಿಲ್ಲದ ಅವಳ ಉಸಿರು, ಗಂಟಲಲ್ಲಿ ಹುಟ್ಟುವ ಆ ಸಣ್ಣ ಸದ್ದು, ಎಲ್ಲ ಕೇಳಿಸುತ್ತಿತ್ತು. ನಮ್ಮ ಮನೆಯಲ್ಲಿ ಧ್ವನಿ ಸೊನ್ನೆಯಲ್ಲಿ ಇರುತ್ತಿದ್ದದ್ದರಿಂದ ನಾನು ಇದನ್ನು ಒಂದು ದಿನವೂ ಕೇಳಿರಲಿಲ್ಲ. ಅಕ್ಕ ಕೈ ಎತ್ತಿದಳು. ಭಾವನೂ ಕೈ ಎತ್ತಿದರು. ಅಕ್ಕ ಎರಡು ಬೆರಳು ಮಡಚಿದಳು, ಭಾವನೂ ಮಡಚಿದರು. ಚಿತ್ರ ತಡೆದು ನಿಂತಿತು. ಅವರು ರಿಮೋಟಿನಲ್ಲಿ ಹಿಂದಕ್ಕೆ ಎಳೆದರು. ಮತ್ತೆ ಅದೇ ಜಾಗ, ಮತ್ತೆ ಕೈ ಎತ್ತಿದರು.

ನಾನು ಹದ ಮಾಡಿಟ್ಟುಕೊಂಡಿದ್ದ ಮಾತೆಲ್ಲ ದಂಡವಾಯಿತು, ಕಂಕುಳಲ್ಲಿದ್ದ ಚೀಲವನ್ನು ಮೆಲ್ಲನೆ ಕೆಳಗಿಟ್ಟೆ. ಸಂಜೆಯಾದರೆ ಒಬ್ಬಳು ಆ ಊರಿನಿಂದ, ಒಬ್ಬರು ಈ ಊರಿನಿಂದ, ಇಲ್ಲದವಳನ್ನು ಎರಡು ಕಡೆಯಿಂದ ಎಳೆಯುತ್ತಿದ್ದರು. ಅವಳು ಇಬ್ಬರಿಗೂ ಪೂರ್ತಿ ಸಿಗುತ್ತಿರಲಿಲ್ಲ.

ಭಾವ ತಿರುಗಿ ನಮ್ಮನ್ನು ಕಂಡರು. ಮುಖವೆಲ್ಲ ಕೆಂಪಾಗಿ, ಕಳ್ಳತನ ಮಾಡುವಾಗ ಸಿಕ್ಕಿಬಿದ್ದವರ ಹಾಗೆ ಟಿವಿ ಆರಿಸಿಬಿಟ್ಟರು.

"ಅದೂ... ಸುಮ್ನೆ... ಬೇಜಾರು ಕಳೆಯೋಕೆ" ಅಂದರು. ಆಮೇಲೆ ನನ್ನ ಕಡೆ ನೋಡದೆ, "ಇದ್ದಾಗ ಕಲೀಲಿಲ್ಲಮ್ಮ. ಈಗ ಯಾವ ಮುಖ ಇಟ್ಕೊಂಡು ಹೇಳ್ಲಿ, ಅದಕ್ಕೇ ಫೋನಲ್ಲಿ ಸುಳ್ಳು ಹೇಳಿದೆ" ಅಂದರು.

ಅವರು ಟಿವಿ ನೋಡುವುದರಿಂದಲೇ ಅಲ್ಲಿ ನಾದಿನಿಗೆ ವಿಡಿಯೋ ನಿಲ್ಲುತ್ತಿತ್ತು ಅಂತ ಹೇಳಿದಾಗ ಆ ಮನುಷ್ಯ ಹಣೆ ಹಿಡಿದು ಕೂತುಬಿಟ್ಟರು. ಮನೆಯೊಳಗೆ ನೋಡಿದರೆ ಇಂಟರ್ನೆಟ್ಟಿಗೆ ಏನೂ ಆಗುವುದಿಲ್ಲ ಅಂತ ತಿಳಿದಿದ್ದರಂತೆ. "ನಂಗೂ ನಿಂತು ನಿಂತೇ ಬರ್ತಿತ್ತು. ಹಳೇದಾಯ್ತಲ್ಲ ಅಂದ್ಕೊಂಡೆ. ನಾನೇ ಅಡ್ಡ ನಿಂತಿದ್ದೆ ಅಂತ ಗೊತ್ತಾಗಲಿಲ್ಲ ಕಣಮ್ಮ."

ನಾದಿನಿ ಅವರ ತುಟಿಯನ್ನೂ ನೋಡುತ್ತಿರಲಿಲ್ಲ. ಅವರ ಕೈಗಳನ್ನೇ ನೋಡುತ್ತಿದ್ದಳು. ಹತ್ತಿರ ಹೋಗಿ, ಆಗ ಮಾಡಿದ್ದನ್ನು ಇನ್ನೊಮ್ಮೆ ಮಾಡಿ ಅಂತ ಸನ್ನೆ ಮಾಡಿದಳು. ಅವರು ನಾಚುತ್ತಾ ಮಾಡಿದರು. ನಾದಿನಿ ಬಿದ್ದು ಬಿದ್ದು ನಕ್ಕಳು. ಅಕ್ಕ ಹೋದ ಮೇಲೆ ಅವಳು ನಕ್ಕದ್ದು ನಾನು ನೋಡಿದ್ದು ಅದೇ ಮೊದಲು. ಕನ್ನಡಿಯಲ್ಲಿ ನೋಡಿಕೊಂಡಂತೆ ಅಕ್ಕನನ್ನು ಎದುರಿಗಿಟ್ಟುಕೊಂಡು ಕಲಿತಿದ್ದ ಭಾವ ಎಲ್ಲವನ್ನೂ ಎಡಗೈಯಲ್ಲಿ ಮಾಡುತ್ತಿದ್ದರು. ಅವಳು ಅವರ ಎಡಗೈಯನ್ನು ಮೆಲ್ಲನೆ ಕೆಳಗಿಳಿಸಿ, ಬಲಗೈಯನ್ನು ಹಿಡಿದೆತ್ತಿದಳು.

ಆಮೇಲೆ ಕೊನೆಯ ವಿಡಿಯೋ ಹಾಕಲು ಹೇಳಿದಳು. ಭಾವ ಅದನ್ನು ಎಷ್ಟೋ ಸಲ ನೋಡಿದ್ದರು. ಅರ್ಥವಾಗಿದ್ದು ಅಲ್ಲೊಂದು ಇಲ್ಲೊಂದು. ಈ ಸಲ ಕೇಳುವವರು ನಾವಷ್ಟೇ, ಕಂಪ್ಯೂಟರಿಗೆ ಬೇರೆ ಯಾರ ಕಾಟವೂ ಇರಲಿಲ್ಲ. ನೀಲಿ ಸೀರೆ ಉಟ್ಟ ಅಕ್ಕ ಬಂದಳು, ಹೇಳಿದಳು, ಹತ್ತಿರ ಬಂದಳು. ಚಕ್ರ ಬರಲಿಲ್ಲ. ಭಾವನೂ ನಾನೂ ಟಿವಿ ಬಿಟ್ಟು ನಾದಿನಿಯ ಮುಖವನ್ನೇ ನೋಡುತ್ತಿದ್ದೆವು. ನಮಗೆ ಓದಲು ಬರುತ್ತಿದ್ದದ್ದು ಅದೊಂದೇ. ಅವಳ ಕಣ್ಣು ಮೊದಲು ಕಿರಿದಾಯಿತು. ಆಮೇಲೆ ತುಂಬಿತು.

ಮುಗಿದ ಮೇಲೆ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಭಾವನಿಗೆ ತಡೆಯಲಾಗಲಿಲ್ಲ. "ಒಂದೇ ಒಂದು ಕೇಳ್ತೀನಿ" ಅಂದು, ಮುಷ್ಟಿ ಕಟ್ಟಿ ಗಾಳಿಯಲ್ಲಿ ಎರಡು ಸಲ ಗೆಣ್ಣು ಆಡಿಸಿದರು. "ಇದೇನು? ಪ್ರತಿ ವಿಡಿಯೋದಲ್ಲೂ ಇದನ್ನ ಮಾಡ್ತಾಳೆ. ಎಷ್ಟು ಸಲ ಮಾಡ್ತಾಳೆ! ನಾನು ಇದನ್ನ, ಸಾಕಾಗಿಹೋಗಿದೆ ಅಂತಿರಬೇಕು, ಅಂದ್ಕೊಂಡಿದೀನಿ."

ನಾದಿನಿ ತಲೆ ಅಲ್ಲಾಡಿಸಿದಳು. ಬೆರಳು ಚಾಚಿ ಅವರ ಎದೆಗೆ ತಾಗಿಸಿದಳು.

"ಅದು ನೀವು" ಅಂದೆ ನಾನು, ಅವಳ ಪರವಾಗಿ.

ಉಳಿದದ್ದನ್ನು ಅವಳು ಶಾಲೆಯ ಕೈಭಾಷೆಯಲ್ಲಿ ಹೇಳಿದಳು, ನಾನು ಬಾಯಲ್ಲಿ ಹೇಳಿದೆ. ಮದುವೆಯಾದ ಹೊಸದರಲ್ಲಿ ಭಾವ, ಹೆಂಡತಿಯಿದ್ದ ಕೋಣೆಗೆ ಹೋಗುವ ಮುಂಚೆ ಬಾಗಿಲು ತಟ್ಟುತ್ತಿದ್ದರಂತೆ. ಕಿವಿ ಕೇಳದ ಹೆಂಡತಿಗೆ! ಅರ್ಧ ತೆರೆದ ಬಾಗಿಲನ್ನು ಎರಡು ಸಲ ತಟ್ಟಿ, ಮರ್ಯಾದೆಯಿಂದ ಉತ್ತರಕ್ಕೆ ಕಾಯುತ್ತಾ ನಿಂತಿರುತ್ತಿದ್ದರಂತೆ. ಅಕ್ಕ ಅದನ್ನು ಒಳಗಿನಿಂದ ನೋಡಿ ತಂಗಿಗೆ ಹೇಳಿದ ದಿನವೇ ಅವರಿಗೆ ಆ ಹೆಸರು ಬಿತ್ತು. ವಾರ ವಾರ ಹೇಳುತ್ತಿದ್ದದ್ದರಲ್ಲಿ ಅರ್ಧಕ್ಕರ್ಧ ಅವರದೇ ಸುದ್ದಿ. ಕೆಮ್ಮು ಬಂದಿದೆ, ಹೊಸ ಚಪ್ಪಲಿ ಕಚ್ಚುತ್ತಿದೆ, ನಿದ್ದೆಯಲ್ಲಿ ಟಿಕೆಟ್ ಹರಿದುಕೊಡುತ್ತಾರೆ, ಇಂಥವೇ.

"ನನ್ನ ಬಗ್ಗೇನಾ? ಅಷ್ಟೊಂದಾ?" ಅಂದರು ಭಾವ.

"ಕೊನೆಯದರಲ್ಲಿ ಏನು ಕೇಳಿದ್ಳು?" ಅಂತ ನಾನು ನಾದಿನಿಯನ್ನು ಕೇಳಿದೆ.

ಅವಳು ನಿಧಾನವಾಗಿ ಹೇಳಿದಳು. "ಇವರಿಗೂ ಕಲಿಸೋಣ್ವಾ ಅಂತ ಕೇಳಿದ್ಳು. ನಮ್ಮಿಬ್ಬರದೇ ಇರಲಿ ಅಂತ ತುಂಬಾ ಜಿಪುಣತನ ಮಾಡಿಬಿಟ್ವಿ, ವಯಸ್ಸಾಗ್ತಿದೆ, ಇವರ ಹತ್ರ ಎಲ್ಲಾ ಮಾತಾಡಬೇಕು ಅನ್ನಿಸ್ತಿದೆ ಅಂದ್ಳು. ನಿಂಗೆ ಬೇಜಾರಿಲ್ಲ ತಾನೇ, ಹೂಂ ಅನ್ನು, ನಾಳೆಯಿಂದಲೇ ಶುರು ಮಾಡ್ತೀನಿ ಅಂದ್ಳು."

ನಾನು ಅದನ್ನು ಬಾಯಲ್ಲಿ ಹೇಳುವಾಗ ನನ್ನ ಧ್ವನಿಯೇ ನನಗೆ ಒಡ್ಡೊಡ್ಡಾಗಿ ಕೇಳಿಸಿತು. ಅಳು ಬಂದರೆ ನಾನು ಬಚ್ಚಿಡುವವಳಲ್ಲ, ಅತ್ತೆ. ಭಾವ ಗೋಡೆಗೆ ಒರಗಿ ಕಣ್ಣು ಮುಚ್ಚಿ ನಿಂತಿದ್ದರು.

ನಾದಿನಿ ಎದ್ದು ಟಿವಿಯ ಹತ್ತಿರ ಹೋದಳು. ಅಕ್ಕ ಕೇಳಿ ಮುಗಿಸಿ ಉತ್ತರಕ್ಕೆಂಬಂತೆ ಮುಂದೆ ನೋಡುವ ಜಾಗಕ್ಕೆ ವಿಡಿಯೋವನ್ನು ಎಳೆದು ತಾನೇ ನಿಲ್ಲಿಸಿದಳು. ಪರದೆಗೆ ಎದುರಾಗಿ ನಿಂತು, ಅಕ್ಕನ ಕಣ್ಣಲ್ಲಿ ಕಣ್ಣಿಟ್ಟು, ಒಂದೇ ಒಂದು ಸನ್ನೆ ಮಾಡಿದಳು. ಅದರ ಅರ್ಥವನ್ನು ನನಗೆ ಯಾರೂ ಹೇಳಬೇಕಾಗಲಿಲ್ಲ.

ಭಾವ ಅವಳ ಪಕ್ಕಕ್ಕೆ ಬಂದರು. "ನಂಗೆ ಒಂದು ಹೆಸರಿತ್ತಲ್ಲ. ಅವಳಿಗೆ? ಅವಳನ್ನ ನೀನು ಏನಂತ ಕರೀತಿದ್ದೆ?" ಅಂದರು. "ಇಷ್ಟು ವರ್ಷ ಅವಳನ್ನ ಕರೀಬೇಕಂದ್ರೆ ಭುಜ ಮುಟ್ತಿದ್ದೆ. ದೂರ ಇದ್ರೆ ದೀಪ ಆರಿಸಿ ಹಾಕ್ತಿದ್ದೆ. ಹೆಸರು ಹಿಡಿದು ಒಂದು ದಿನ ಕರೆದವನಲ್ಲ."

ನಾದಿನಿ ಬಲಗೈಯ ಕಿರುಬೆರಳನ್ನು ಕೆನ್ನೆಗೆ ಒತ್ತಿ ಒಂದು ಸಲ ತಿರುಗಿಸಿದಳು. ನಕ್ಕರೆ ಅಕ್ಕನಿಗೆ ಅಲ್ಲೊಂದು ಗುಳಿ ಬೀಳುತ್ತಿತ್ತು.

ಭಾವ ಮೊದಲು ಎಡಗೈ ಎತ್ತಿದರು, ತಪ್ಪು ಗೊತ್ತಾಗಿ ಇಳಿಸಿದರು. ಬಲಗೈಯ ಕಿರುಬೆರಳನ್ನು ಕೆನ್ನೆಗೆ ಒತ್ತಿ, ಮೆಲ್ಲನೆ ತಿರುಗಿಸಿ, ಪರದೆಯಲ್ಲಿ ನಿಂತಿದ್ದ ಹೆಂಡತಿಯನ್ನು ಕರೆದರು. ಸ್ವಲ್ಪ ಹೊತ್ತು ಹಾಗೇ ನೋಡುತ್ತಾ ನಿಂತಿದ್ದು, ಇನ್ನೊಂದು ಸಲ ಕರೆದರು.